ಇಮಾನದ ಬೋರೆಯ ವಿನಾಯಿತಿ

ವಿನಾಯಿತಿ ಅನ್ನುವ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆಷಾಢದಲ್ಲಿ ಬಟ್ಟೆ ಅಂಗಡಿಯವರು ದೊಡ್ಡ ಅಕ್ಷರದಲ್ಲಿ ಬರೆದು ನೇತುಹಾಕಿರುತ್ತಾರಲ್ಲ, ಆ ಅಂಗಡಿಯ ಮೆಟ್ಟಿಲು ನಾನು ಹತ್ತುವುದಿಲ್ಲ. ಜೊತೆಯಲ್ಲಿ ಬಂದವರು ನಗುತ್ತಾರೆ. ನಗಲಿ, ಅವರ ಮನೆಯ ಬಾವಿಗೆ ಯಾರೂ ಸೀಮೆಎಣ್ಣೆ ಬಿಟ್ಟಿಲ್ಲ.

ನಾನು ಹುಟ್ಟಿದ್ದು ಪಾಂಡವಪುರದ ಕಡೆ, ಕಾಲುವೆಯ ಕೆಳಗಿನ ಊರಲ್ಲಿ. ಅಲ್ಲಿ ನೀರಿನ ಮಾತು ಬರುತ್ತಿದ್ದದ್ದು ಗದ್ದೆಗೆ ಸರದಿ ತಪ್ಪಿದಾಗ ಮಾತ್ರ. ಕೊಟ್ಟದ್ದು ನಾಗಮಂಗಲ ತಾಲ್ಲೂಕಿಗೆ, ದೇವಲಾಪುರದಿಂದ ಒಳಕ್ಕಿರುವ ಒಂದು ಕೊಪ್ಪಲಿಗೆ. ರಾಗಿ, ಹುರುಳಿ, ಒಂದಷ್ಟು ತೆಂಗು, ಕೊಟ್ಟಿಗೆಯಲ್ಲಿ ಸೀಮೆ ಹಸು. ಮಾವ ನಾನು ಕಾಲಿಡುವ ಮೊದಲೇ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಅತ್ತೆಯದು. ನಮ್ಮ ಯಜಮಾನರು ಕೆ.ಆರ್. ಪೇಟೆಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಜಗಳದ ವಾಸನೆ ಬಂತೆಂದರೆ ಗಿರಣಿಯಲ್ಲಿ ಅರ್ಜೆಂಟು ಕೆಲಸವಿದೆ ಎಂದು ಬಸ್ಸು ಹತ್ತುವ ಮನುಷ್ಯ. ಒಳ್ಳೆಯವರೇ, ಆದರೆ ಬೇಕಾದಾಗ ಸಿಕ್ಕುವುದಿಲ್ಲ.

ಅತ್ತೆ ಮೊದಲ ವಾರದಲ್ಲೇ ನನಗೆ ಒಂದು ಹೆಸರಿಟ್ಟರು, ಕಾಲುವೆ ನೀರಿನೋಳು ಅಂತ. ಕಾಲುವೆ ನೀರು ಕುಡಿದು ಬೆಳೆದವರಿಗೆ ಸೊಂಟ ಬಗ್ಗುವುದಿಲ್ಲ, ಬಾಯಿ ಮಾತ್ರ ಹರಿಯುತ್ತದೆ ಅನ್ನುವುದು ಅವರ ನಂಬಿಕೆ. ಸೊಂಟದ ವಿಷಯದಲ್ಲಿ ಸುಳ್ಳು ಹೇಳಿದರು. ಬಾಯಿಯ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ.

ಅವರ ಗರ್ವವೆಲ್ಲ ಇದ್ದದ್ದು ಬಾವಿಯಲ್ಲಿ. ಅತ್ತೆಯ ಮಾವ ತೋಡಿಸಿದ್ದ ಕಲ್ಲುಕಟ್ಟಡದ ಬಾವಿ, ನಮ್ಮ ಹೊಲದ ತುದಿಯಲ್ಲಿ, ಬೋರೆಯ ಬುಡಕ್ಕಿತ್ತು. ಆ ಸುತ್ತಿಗೆಲ್ಲ ಬೇಳೆ ಬೇಯುವ ನೀರು ಅದೊಂದೇ. ಊರಿನ ಕೈಪಂಪಿನ ನೀರಿಗೆ ತೊಗರಿಬೇಳೆ ಹಾಕಿ ಹೊತ್ತೇರುವ ತನಕ ಉರಿ ಒಟ್ಟಿದರೂ ಬೇಳೆ ಹಾಕಿದ ಹಾಗೇ ಇರುತ್ತಿತ್ತು. ಬಾವಿ ನೀರಲ್ಲಿ ಎರಡು ಕುದಿ ಬಂದರೆ ಕೈಯಲ್ಲಿ ಹಿಸುಕಬಹುದು. ಹಾಗಾಗಿ ಬೆಳಗಾದರೆ ಊರಿನ ಹೆಂಗಸರೆಲ್ಲ ಬಿಂದಿಗೆ ಹಿಡಿದು ನಮ್ಮ ಹೊಲದ ದಾರಿ ಹಿಡಿಯುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ, ಯಾರನ್ನೂ ಸುಮ್ಮನೆ ಕಳಿಸುತ್ತಲೂ ಇರಲಿಲ್ಲ. ಒಬ್ಬಳಿಗೆ ಮಗನ ಬಗ್ಗೆ, ಇನ್ನೊಬ್ಬಳಿಗೆ ಸೀರೆಯ ಬಗ್ಗೆ, ಮತ್ತೊಬ್ಬಳಿಗೆ ತವರಿನ ಬಗ್ಗೆ ಏನಾದರೂ ಚುಚ್ಚಿಯೇ ಹಗ್ಗ ಕೊಡುತ್ತಿದ್ದರು. ನೀರು ಬೇಕಾದವರು ಕೇಳಿಸಿಕೊಂಡು ಹೋಗುತ್ತಿದ್ದರು.

ಬೋರೆ ಅಂದರೆ ಊರಿನ ಮೇಲಿನ ಎತ್ತರದ ಬಯಲು. ಅದಕ್ಕೆ ಇಮಾನದ ಬೋರೆ ಅಂತಲೇ ಹೆಸರು. ಹಿಂದೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ದಂಡಿನವರು ಬಂದು, ಕಲ್ಲು ಹಾಸಿ, ವಿಮಾನ ಇಳಿಸುವ ದಾರಿ ಮಾಡಿದ್ದರಂತೆ. ಎಷ್ಟು ವಿಮಾನ ಇಳಿದವು ಅಂತ ಕೇಳಿದರೆ ಒಬ್ಬೊಬ್ಬ ಮುದುಕ ಒಂದೊಂದು ಲೆಕ್ಕ ಹೇಳುತ್ತಿದ್ದ. ಯುದ್ಧ ಮುಗಿದ ಮೇಲೆ ಅವರು ಹೊರಟುಹೋದರು. ಹೋಗುವಾಗ ವಿಮಾನಕ್ಕೆ ಹಾಕುವ ಎಣ್ಣೆಯ ಪೀಪಾಯಿಗಳನ್ನು ಅಲ್ಲೇ ಮಣ್ಣಿನಡಿ ಹೂತರು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಎಲ್ಲಿ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ವಿಮಾನ ಇಳಿಯಬೇಕಾದ ಜಾಗದಲ್ಲಿ ನಾವು ರಾಗಿ ಒಕ್ಕುತ್ತಿದ್ದೆವು. ಅಂಥ ಚೊಕ್ಕ ಕಣ ತಾಲ್ಲೂಕಿನಲ್ಲೇ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ಹಳೆಯ ದಾರಿಯನ್ನು ರಿಪೇರಿ ಮಾಡಿ ಸಣ್ಣ ವಿಮಾನಗಳನ್ನು ಇಳಿಸುವ ಯೋಚನೆ ಮೇಲೆಲ್ಲೋ ಯಾರಿಗೋ ಬಂತು. ಒಂದು ದಿನ ಜೀಪು ಬಂತು, ಅದರ ಹಿಂದೆ ಬೋರ್ ಕೊರೆಯುವ ಲಾರಿ ಬಂತು. ಲಾರಿ ನಾಗಮಂಗಲ ಪೇಟೆಯ ಸಾಬರದು. ಅವರೇ ಓಡಿಸಿಕೊಂಡು ಬಂದಿದ್ದರು. ಜೀಪಿನಿಂದ ಇಳಿದ ಅಧಿಕಾರಿ ಇಸ್ತ್ರಿ ಮುರಿಯದ ಪ್ಯಾಂಟಿನವನು, ಮಾತಿಗೆ ಮೊದಲು ಕೈ ಮುಗಿಯುವವನು. ಕೈ ಮುಗಿದು ಬರುವ ಸರ್ಕಾರದವರನ್ನು ನಂಬಬಾರದು ಅಂತ ನನಗೆ ಆಗ ಗೊತ್ತಿರಲಿಲ್ಲ.

ಹಾಲಿನ ಡೈರಿಯ ಮುಂದೆ ಜನ ಸೇರಿಸಿದರು. ಅಧಿಕಾರಿ ಹೇಳಿದ್ದು ಇಷ್ಟು: ಬೋರೆಯ ಮಣ್ಣಿನಲ್ಲಿ ಹಳೆಯ ಎಣ್ಣೆ ಎಷ್ಟು ಇಳಿದಿದೆ, ಎಲ್ಲೆಲ್ಲಿ ಇಳಿದಿದೆ ಅಂತ ತನಿಖೆ ಮಾಡಬೇಕು, ಅದಕ್ಕೆ ಅಲ್ಲಲ್ಲಿ ತೂತು ಕೊರೆದು ಮಣ್ಣು ತೆಗೆಯುತ್ತೇವೆ, ಕೆಲಸ ಮುಗಿಸಿ ಹೋಗುತ್ತೇವೆ. ಆಮೇಲೆ ಒಂದು ಮಾತು ಸೇರಿಸಿದ. ಅದನ್ನು ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿತು.

"ಈ ತನಿಖೆಗೆ ಪರಿಸರ ಪರಿಶೀಲನೆಯಿಂದ ಪೂರ್ತಿ ವಿನಾಯಿತಿ ಸಿಕ್ಕಿದೆ. ತಾವು ಯಾರೂ ಆತಂಕಪಡಬೇಕಾಗಿಲ್ಲ."

ನಮ್ಮ ಜನಕ್ಕೆ ಆ ಸಾಲಿನಲ್ಲಿ ತಿಳಿದದ್ದು ಒಂದೇ ಮಾತು. ಮಳೆ ಕೈಕೊಟ್ಟ ವರ್ಷ ಕಂದಾಯಕ್ಕೆ ವಿನಾಯಿತಿ ಬರುತ್ತಿತ್ತು. ಸ್ಕೂಲಿನ ಫೀಸಿಗೆ ಬರುತ್ತಿತ್ತು. ಮಕ್ಕಳ ಬಸ್ ಪಾಸಿಗೆ ಬರುತ್ತಿತ್ತು. ವಿನಾಯಿತಿ ಅಂದರೆ ಸರ್ಕಾರ ನಮಗೆ ಬಿಟ್ಟುಕೊಡುವುದು, ಅಷ್ಟೇ. ಸರ್ಕಾರ ತನಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳಬಹುದು ಅನ್ನುವುದು ಎಸ್ಸೆಸ್ಸೆಲ್ಸಿ ಓದಿದ ನನ್ನ ತಲೆಯೂ ಸೇರಿದಂತೆ ಅಲ್ಲಿದ್ದ ಯಾವ ತಲೆಗೂ ಹೊಳೆಯಲಿಲ್ಲ.

ಊರಿನ ಹಿರಿಯ, ನ್ಯಾಯ ಪಂಚಾಯಿತಿಗೆಲ್ಲ ಮುಂದೆ ಕೂರುವ ದೊಡ್ಡಮನೆ ಅಜ್ಜ, ಎದ್ದು ನಿಂತು ಟವಲ್ಲು ಹೆಗಲಿಂದ ತೆಗೆದ.

"ಇನಾಯ್ತಿ ಯಾವತ್ನಿಂದ ಸ್ವಾಮಿ?"

"ಆದೇಶ ಆಗಿಹೋಗಿದೆ. ಈಗಿನಿಂದಲೇ."

"ಎಲ್ಲಾರ್ಗೂವೆಯಾ?"

ಅಧಿಕಾರಿಗೆ ಪ್ರಶ್ನೆ ಅರ್ಥವಾಗಲಿಲ್ಲ ಅಂತ ಈಗ ಅನ್ನಿಸುತ್ತದೆ. ಅರ್ಥವಾಗಿಯೂ ಸುಮ್ಮನಿದ್ದ ಅಂತಲೂ ಅನ್ನಿಸುತ್ತದೆ, ಅದು ಆಯಾ ದಿನದ ನನ್ನ ಸಿಟ್ಟಿನ ಮೇಲೆ ಹೋಗುತ್ತದೆ. "ಇಡೀ ಬೋರೆಗೆ. ಸುತ್ತಲ ಜಮೀನೂ ಸೇರಿ" ಅಂದ.

ಆಮೇಲೆ ಅಲ್ಲಿ ನಡೆದದ್ದು ಹಬ್ಬ. ಯಾರ ಜಮೀನು ಸುತ್ತಲದ್ದು, ಯಾರದ್ದು ಅಲ್ಲ ಅಂತ ಅಣ್ಣತಮ್ಮಂದಿರೇ ಕಿತ್ತಾಡಿದರು. ಬೋರೆಗೂ ತಮಗೂ ಸಂಬಂಧವೇ ಇಲ್ಲದವರು ನಮ್ಮ ಹೊಲವೂ ಬೋರೆಯ ನೆರಳಲ್ಲೇ ಇದೆ ಅಂತ ಸಾಧಿಸಿದರು. ತೂತು ಕೊರೆದರೆ ಏನಾಗುತ್ತದೆ, ಕೊರೆದ ಮೇಲೆ ಯಾರು ಮುಚ್ಚುತ್ತಾರೆ ಅಂತ ಒಬ್ಬರಾದರೂ ಕೇಳಲಿಲ್ಲ. ನಮ್ಮತ್ತೆಯಂತೂ ಅಧಿಕಾರಿಗೂ ಸಾಬರಿಗೂ ಬಾವಿ ನೀರು ಕೊಟ್ಟು, ಬೆಲ್ಲ ಕೊಟ್ಟು, ಲಾರಿ ನಿಲ್ಲಿಸಲು ನಮ್ಮ ಹೊಲದ ಬದುವನ್ನೇ ತೋರಿಸಿದರು. ಸಂಜೆ ಕಟ್ಟೆಯ ಮೇಲೆ ಕೂತು, ನಮ್ಮ ಬಾವಿ ನೀರು ಕುಡಿದ ಮೇಲೇ ಆ ಸ್ವಾಮಿಗೆ ಮನಸ್ಸು ಕರಗಿ ಊರಿಗೆಲ್ಲ ವಿನಾಯಿತಿ ಕೊಟ್ಟಿದ್ದು ಅಂತ ಬಂದವರಿಗೆಲ್ಲ ಹೇಳಿದರು. ನೀರು ಕೊಟ್ಟದ್ದು ಅವನು ಮಾತಾಡಿ ಮುಗಿಸಿದ ಮೇಲೆ. ನಾನು ಅದನ್ನು ಬಾಯಿಬಿಟ್ಟು ಹೇಳಿದೆ. ಅವತ್ತು ರಾತ್ರಿ ನನ್ನ ತಟ್ಟೆಗೆ ಅರ್ಧ ಮುದ್ದೆಯೇ ಬಿತ್ತು.

ಕೊರೆತ ಶುರುವಾಯಿತು. ಬೋರೆಯ ತುಂಬ ಬಿಳಿ ದೂಳು, ಕಿವಿ ಕಿತ್ತುಹೋಗುವ ಸದ್ದು. ಹಸುಗಳು ಹಾಲು ಇಳಿಸುವುದನ್ನು ಕಡಿಮೆ ಮಾಡಿದವು. ಒಂದು ತೂತಿನಿಂದ ಬಂದ ಮಣ್ಣು ಕಪ್ಪಗಿತ್ತು, ಸೀಮೆಎಣ್ಣೆ ನಾತ ಹೊಡೆಯುತ್ತಿತ್ತು. ಅಧಿಕಾರಿ ಅದನ್ನು ಮೂಗಿಗೆ ಹಿಡಿದು, ಹುಡುಕುತ್ತಿದ್ದ ಒಡವೆ ಸಿಕ್ಕಿದವನಂತೆ ನಕ್ಕ. ಆ ಎಣ್ಣೆ ಎಲ್ಲಿಯ ತನಕ ಇಳಿದಿದೆ ನೋಡಬೇಕು ಅಂತ ಅಲ್ಲಿಂದ ಇಳಿಜಾರಿನ ಕಡೆ, ಅಂದರೆ ನಮ್ಮ ಬಾವಿಯ ಕಡೆಗೆ, ಒಂದೊಂದೇ ತೂತು ಹಾಕಿಸಿಕೊಂಡು ಬಂದ. ಕೊನೆಯದು ಎಲ್ಲಕ್ಕಿಂತ ಆಳದ್ದು, ಬಾವಿಗೆ ಕೂಗಳತೆ ದೂರದಲ್ಲಿ. ಗಟ್ಟಿ ಜೇಡಿಯ ಪದರ ಅಡ್ಡ ಬಂತು ಅಂತ ಸಾಬರು ಅಲ್ಲಿ ಒಂದು ದಿನ ಪೂರ್ತಿ ಒದ್ದಾಡಿದರು. ಪದರ ತೂರಿ ಕೆಳಗಿನ ನೀರು ಸಿಕ್ಕಿದಾಗ ಎಲ್ಲರಿಗೂ ಸಮಾಧಾನ. ಮಣ್ಣನ್ನು ಪ್ಲಾಸ್ಟಿಕ್ಕು ಕವರಿಗೆ ತುಂಬಿ, ಜೀಪಿಗೆ ಹಾಕಿ, ಕೈ ಮುಗಿದು ಹೊರಟರು. ತೂತುಗಳ ಬಾಯಿಗೆ ಜಾಲಿಮುಳ್ಳು ತುರುಕಿದ್ದರು, ದನ ಕಾಲು ಹಾಕದಿರಲಿ ಅಂತ. ನೀರು ಕಾಲು ಹಾಕಿದರೆ ಅನ್ನುವ ಯೋಚನೆ ಯಾರದ್ದೂ ಆಗಿರಲಿಲ್ಲ.

ಆ ವರ್ಷ ಹಸ್ತ ಮಳೆ ಹಿಡಿದುಕೊಂಡಿತು. ಬೋರೆಯ ಮೇಲೆ ಬಿದ್ದ ನೀರೆಲ್ಲ ಇಳಿಜಾರು ಹಿಡಿದು ಬಂದು ಆ ತೂತುಗಳಿಗೆ ಇಳಿಯಿತು. ಮಳೆ ಬಿಟ್ಟು ಸ್ವಲ್ಪ ದಿನಕ್ಕೆ ನಮ್ಮ ಮನೆಯ ಸಾರಿನಲ್ಲಿ ಸೀಮೆಎಣ್ಣೆ ವಾಸನೆ ಬಂತು.

ನನ್ನ ತವರಿನವರು ಮದುವೆಯಲ್ಲಿ ಒಂದು ಹಿತ್ತಾಳೆಯ ಪಂಪ್ ಸ್ಟೌ ಕೊಟ್ಟಿದ್ದರು. ಸೌದೆ ಒಲೆಯ ಅತ್ತೆಗೆ ಅದನ್ನು ಕಂಡರೆ ಮೊದಲಿಂದಲೂ ಆಗುತ್ತಿರಲಿಲ್ಲ. ಆ ಕಾಲದಲ್ಲಿ ಸ್ಟೌ ಸಿಡಿದು ಸೊಸೆ ಸತ್ತಳು ಅನ್ನುವ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಿತ್ತು. ನಮ್ಮ ಮನೆಯಲ್ಲಿ ಸಿಡಿಯುತ್ತಿದ್ದದ್ದು ಸ್ಟೌವಲ್ಲ. ಮೊದಲ ತುತ್ತಿಗೇ ಅತ್ತೆ ತಟ್ಟೆ ತಳ್ಳಿದರು. ಸ್ಟೌವಿಗೆ ಎಣ್ಣೆ ಹಾಕಿದ ಕೈಯಲ್ಲೇ ಬಿಂದಿಗೆ ಮುಟ್ಟಿದ್ದೀಯೆ, ನಿಮ್ಮ ಕಾಲುವೆ ಬದಿಯಲ್ಲಿ ಕೈ ತೊಳೆಯುವುದನ್ನು ಕಲಿಸಲಿಲ್ಲವೇ ಅಂದರು. ಕೈ ಮೂಸಿ ನೋಡಿ ಅಂತ ಮೂಗಿಗೆ ಹಿಡಿದೆ. ಮೂಸಲಿಲ್ಲ. ಬಿಂದಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ. ಮಾರನೆಯ ದಿನವೂ ಅದೇ ನಾತ. ಬೇಕಂತಲೇ ಸುರಿಯುತ್ತಿದ್ದೀಯ, ನನ್ನನ್ನು ಸಾಯಿಸಿ ಯಜಮಾನಿಕೆ ಮಾಡಬೇಕು ಅಂತಿದ್ದೀಯ ಅಂತ ಬೀದಿಗೆ ಕೇಳುವ ಹಾಗೆ ಕೂಗಿ, ಸ್ಟೌವನ್ನು ತಿಪ್ಪೆಗೆ ಎಸೆದರು. ನಮ್ಮ ಯಜಮಾನರಿಗೆ ಗಿರಣಿಯಲ್ಲಿ ಅರ್ಜೆಂಟು ಕೆಲಸ ಬಂತು.

ಮೂರನೆಯ ಬೆಳಗ್ಗೆ ದೊಡ್ಡಮನೆ ಅಜ್ಜನ ಸೊಸೆ ಬಿಂದಿಗೆ ವಾಪಸು ಹೊತ್ತುಕೊಂಡು ಕಟ್ಟೆಗೆ ಬಂದಳು. ಅವರ ಮನೆಯ ಸಾರಿನಲ್ಲೂ ಅದೇ ವಾಸನೆ. ನಾನು ಅತ್ತೆಯ ಮುಖವನ್ನೇ ನೋಡುತ್ತಾ ನಿಂತೆ. ದೊಡ್ಡಮನೆಯಲ್ಲಿ ಸ್ಟೌವೇ ಇರಲಿಲ್ಲ. ಅತ್ತೆ ಒಂದು ಕೊಡ ಸೇದಿ, ಬೊಗಸೆಗೆ ಸುರಿದುಕೊಂಡು, ಮೂಗಿನ ಹತ್ತಿರ ತಂದರು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಆಮೇಲೆ ಅವರ ಬಾಯಿಂದ ಬಂದ ಮಾತು, ಹಗ್ಗವನ್ನು ಸೊಸೆಯೂ ಮುಟ್ಟಿದ್ದಾಳಲ್ಲ, ಅದಕ್ಕೇ ಇರಬೇಕು ಅಂತ. ತಿಪ್ಪೆಯಿಂದ ಸ್ಟೌ ತಂದು ತೊಳೆದಿಟ್ಟುಕೊಂಡವಳು ನಾನೇ. ತಪ್ಪಾಯಿತು ಅನ್ನುವ ಮಾತು ಆ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ.

ತನಿಖೆಯ ಅಧಿಕಾರಿ ಶ್ರೀರಂಗಪಟ್ಟಣದಲ್ಲಿ ಒಂದು ಬಾಡಿಗೆ ಮನೆಯನ್ನು ಕಚೇರಿ ಮಾಡಿಕೊಂಡಿದ್ದಾನೆ ಅಂತ ಗೊತ್ತಾಯಿತು. ಊರಿನ ಗಂಡಸರು ಹೋಗೋಣ ಹೋಗೋಣ ಅಂತ ಅರಳಿಕಟ್ಟೆಯಲ್ಲಿ ಬೀಡಿ ಸೇದಿದರು. ವಿನಾಯಿತಿ ಬರಬೇಕಾದ ಹೊತ್ತಲ್ಲಿ ಸಾಹೇಬರನ್ನು ಎದುರು ಹಾಕಿಕೊಳ್ಳುವುದು ಬೇಡ ಅಂತ ಅಜ್ಜ ಬುದ್ಧಿ ಹೇಳಿದ. ನಾನೇ ಹೊರಟೆ. ನೀರು ತುಂಬಿಸಿಕೊಳ್ಳಲು ಮನೆಯಲ್ಲಿ ಮುಚ್ಚಳ ಗಟ್ಟಿಯಾಗಿದ್ದ ಬಾಟಲಿ ಒಂದೇ ಇತ್ತು, ಬ್ರಾಂದಿಯದು. ಅದು ಕೊಟ್ಟಿಗೆಯ ಅಟ್ಟದಲ್ಲಿ ಯಾಕಿತ್ತು ಅಂತ ನಾನು ಕೇಳಲಿಲ್ಲ, ಯಜಮಾನರು ಹೇಳಲಿಲ್ಲ.

ನಾಗಮಂಗಲದಲ್ಲಿ ಬಸ್ಸು ಬದಲಾಯಿಸಿ ಪಾಂಡವಪುರದ ದಾರಿ ಹಿಡಿದೆ. ಪಕ್ಕದಲ್ಲಿ ಕೂತಿದ್ದವಳು ಮೂಗು ಮುಚ್ಚಿಕೊಂಡಳು. ಕಂಡಕ್ಟರ್ ಬಂದು ಬ್ಯಾಗಿನಲ್ಲಿ ಏನಿದೆ ಅಂದ. ನೀರು ಅಂದೆ. ಬಾಟಲಿ ತೋರಿಸಿದೆ. ಅವನು ಬಾಟಲಿ ನೋಡಿದ, ನನ್ನನ್ನು ನೋಡಿದ, ಮುಚ್ಚಳ ತೆಗೆದು ಮೂಸಿದ.

"ಸೀಮೆಣ್ಣೆ ಬಸ್ಸಲ್ಲಿ ತರಂಗಿಲ್ಲ ಕಣವ್ವ. ಇಳ್ಕಳಿ."

ಇದು ನಮ್ಮ ಮನೆಯ ಕುಡಿಯುವ ನೀರು ಅಂದೆ. ಬಸ್ಸೆಲ್ಲ ನಕ್ಕಿತು. ನೀರಾದರೆ ಎಲ್ಲಿ, ಒಂದು ಗುಟುಕು ಕುಡಿಯಿರಿ ನೋಡುವಾ ಅಂದ. ನನಗೆ ಆಗ ಎಲ್ಲಿಂದ ಸಿಟ್ಟು ಬಂತೋ, ಅತ್ತೆಯ ಮೇಲಿನದು, ಗಂಡನ ಮೇಲಿನದು, ಊರಿನ ಮೇಲಿನದು, ಎಲ್ಲ ಸೇರಿ ಕೈಗೆ ಬಂತು. ಬಾಟಲಿ ಕಿತ್ತುಕೊಂಡು ದೊಡ್ಡ ಗುಟುಕು ಕುಡಿದೆ. ಕಂಡಕ್ಟರ್ ಮುಂದಿನವರಿಗೆ ಟಿಕೆಟು ಹರಿಯಲು ಹೋದ. ಪಾಂಡವಪುರದ ಸ್ಟ್ಯಾಂಡಿನಲ್ಲಿ ಇಳಿದು ಗೋಡೆಯ ಪಕ್ಕ ಕಕ್ಕಿಕೊಂಡೆ. ನನ್ನ ತವರು ಅಲ್ಲಿಂದ ಆಟೋ ದೂರದಲ್ಲಿತ್ತು. ಹೋಗಲಿಲ್ಲ. ಹೋಗಿದ್ದರೆ ವಾಪಸು ಬರುತ್ತಿರಲಿಲ್ಲ.

ಶ್ರೀರಂಗಪಟ್ಟಣದ ಆ ಮನೆ ಕೋಟೆಯೊಳಗೆ, ಹೊಳೆಗೆ ಹತ್ತಿರ. ಕಿಟಕಿಯಿಂದ ಕಾವೇರಿ ತುಂಬಿ ಹರಿಯುವುದು ಕಾಣುತ್ತಿತ್ತು. ಅಧಿಕಾರಿ ಎದ್ದು ಕೈ ಮುಗಿದ, ಕಾಫಿ ತರಿಸಿದ. ಬಾಟಲಿಯನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದೆ. ಅವನು ಬೇಸರ ಪಟ್ಟುಕೊಂಡ ಮುಖ ಮಾಡಿದ. ಜೇಡಿಯ ಪದರ ಇಷ್ಟು ವರ್ಷ ಎಣ್ಣೆಯನ್ನು ಮೇಲೇ ತಡೆದಿತ್ತು, ತೂತಿನಿಂದ ಕೆಳಗಿಳಿದು ನಿಮ್ಮ ಬಾವಿಯ ಸೆಲೆಗೆ ಸೇರಿರಬಹುದು ಅಂತ ಮೇಷ್ಟ್ರು ಪಾಠ ಹೇಳಿದ ಹಾಗೆ ಹೇಳಿದ. ಅಂದರೆ ಅವನಿಗೆ ಗೊತ್ತಿತ್ತು. ಮುಚ್ಚದೆ ಯಾಕೆ ಹೋದಿರಿ ಅಂತ ಕೇಳಿದೆ. ಮುಚ್ಚುವುದು ಆ ಕಾಮಗಾರಿಯಲ್ಲಿ ಸೇರಿರಲಿಲ್ಲ ಅಂದ. ಈಗಿನ ಕಾನೂನಿನಂತೆ ದೊಡ್ಡ ಯೋಜನೆಗಾದರೆ ಪರಿಸರಕ್ಕೆ ಏನಾಗುತ್ತದೆ ಅಂತ ಮೊದಲೇ ನೋಡಿ, ಊರವರನ್ನು ಕೂರಿಸಿ ಕೇಳಬೇಕು. ಇದು ಯೋಜನೆಯಲ್ಲ, ಬರೀ ತನಿಖೆ. ತನಿಖೆಗೆ ಅದೆಲ್ಲ ಬೇಡ ಅಂತ ವಿನಾಯಿತಿ ಇದೆ ಅಂದ.

"ಇನಾಯ್ತಿ ಯಾರ್ಗೆ?" ಅಂತ ನಾನು ನಮ್ಮ ಊರಿನ ಮಾತಲ್ಲೇ ಕೇಳಿದೆ.

"ನಮಗೆ" ಅಂದ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲವೇ ಅನ್ನುವ ಹಾಗೆ. "ನಿಮ್ಮನ್ನು ಕೇಳುವುದರಿಂದ ವಿನಾಯಿತಿ. ಅವತ್ತೇ ಹೇಳಿದ್ದೆನಲ್ಲ, ಯಾರೂ ಆಕ್ಷೇಪಣೆ ಎತ್ತಲಿಲ್ಲ. ನೋಡಮ್ಮ, ಬರೀ ನೋಡಿಕೊಂಡು ಹೋಗುವುದಕ್ಕೆ ಯಾರ ಅಪ್ಪಣೆ ಬೇಕು?"

ಹೆಣ್ಣು ನೋಡಲು ಬರುವವರೂ ಇದೇ ಮಾತು ಆಡುತ್ತಾರೆ. ಬರೀ ನೋಡಿಕೊಂಡು ಹೋಗುತ್ತೇವೆ ಅನ್ನುತ್ತಾರೆ. ಉಪ್ಪಿಟ್ಟು ತಿಂದು, ಬಣ್ಣ ಕಮ್ಮಿ ಅಂದು, ಎದ್ದು ಹೋಗುತ್ತಾರೆ. ಅವರಿಗೇನೂ ಆಗುವುದಿಲ್ಲ. ನೋಡಿಸಿಕೊಂಡವಳು ಊರಿನ ಬಾಯಿಗೆ ಬೀಳುತ್ತಾಳೆ. ಇದನ್ನು ಅವನ ಮುಖಕ್ಕೇ ಹೇಳಿದೆ. ಅವನು ನಕ್ಕು, ಚೆನ್ನಾಗಿ ಮಾತಾಡುತ್ತೀರಿ ಅಂದ. ಕಾಫಿಯನ್ನು ಮುಟ್ಟದೆ ಬಂದೆ. ಬಾಟಲಿಯನ್ನು ಅಲ್ಲೇ ಬಿಟ್ಟೆ, ಮೂಸುತ್ತಾ ಕೂರಲಿ ಅಂತ.

ವಾಪಸು ಬರುವಾಗ ನಾಗಮಂಗಲದ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಬೋರ್ ಲಾರಿಯ ಸಾಬರು ಸಿಕ್ಕಿದರು. ಅವರಿಗೆ ಸುದ್ದಿ ಮುಟ್ಟಿತ್ತು. ನಾನು ಮಾತು ತೆಗೆಯುವ ಮೊದಲೇ, ತೂತು ಕೊರೆಯೋದು ನನ್ನ ಕೆಲಸ, ಮುಚ್ಚೋದು ಅವರದು ಅಂತ ಕೈ ತೊಳೆದುಕೊಂಡರು. ನನ್ನ ಸಿಟ್ಟಿಗೆ ಅದು ತುಪ್ಪ ಹುಯ್ದ ಹಾಗಾಯಿತು. ನೀವೂ ಬೋರ್ ಕೊರೆಯುವ ಜನ, ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ ಅಂದೆ. ಸಾಬರು ಟೀ ಲೋಟ ಕೆಳಗಿಟ್ಟರು.

"ಏನ್ ಹೇಳೋದಕ್ಕಾ. ನಮ್ ಕಡೆ ಇನಾಯತ್ ಅಂದ್ರೆ ಮೆಹರ್ಬಾನಿ, ದಯೆ ತೋರ್ಸೋದು. ಆ ದಿನ ಊರೆಲ್ಲ ಖುಷಿಯಾಗಿತ್ತು, ನಾನೂ ನಿಮಗೇ ಏನೋ ಮೆಹರ್ಬಾನಿ ಆಗಿದೆ ಅನ್ಕೊಂಡೆ. ಸಾಹೇಬ್ರು ತಮ್ಗೆ ತಾವೇ ಮಾಡ್ಕೊಂಡಿದ್ರು."

ಅವರು ನಗಲಿಲ್ಲ. ನನ್ನ ಟೀ ಅವರೇ ಹೇಳಿದರು. ಅದನ್ನೂ ನಾನು ಕುಡಿಯಲಿಲ್ಲ. ಅವತ್ತು ಇಡೀ ದಿನ ತೇಗಿದರೆ ಲಾಂದ್ರದ ವಾಸನೆ.

ವಿನಾಯಿತಿ ನಮಗಲ್ಲ, ಅವರಿಗೆ ಅಂತ ಊರಲ್ಲಿ ಹೇಳಿದಾಗ ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಸಿಟ್ಟು ಅಧಿಕಾರಿಯ ಕಡೆ ಹೋಗಲಿಲ್ಲ. ಅವನು ಶ್ರೀರಂಗಪಟ್ಟಣದಲ್ಲಿದ್ದ, ನಾವು ಕೈಗೆ ಸಿಕ್ಕುತ್ತಿದ್ದೆವು. ಲಾರಿಗೆ ಜಾಗ ಕೊಟ್ಟವರು ಯಾರು, ಬೆಲ್ಲ ಕೊಟ್ಟವರು ಯಾರು, ನಮ್ಮ ಬಾವಿಯಿಂದಲೇ ವಿನಾಯಿತಿ ಬಂತು ಅಂತ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚಿದವರು ಯಾರು ಅಂತ ಹೆಂಗಸರು ಕೇಳತೊಡಗಿದರು. ಅತ್ತೆ ವರ್ಷಗಟ್ಟಲೆ ಆಡಿದ ಚುಚ್ಚುಮಾತಿಗೆಲ್ಲ ಬಡ್ಡಿ ಸೇರಿಸಿ ವಾಪಸು ಕೊಟ್ಟರು. ಊರಿನ ಬೇಳೆ ಬೇಯುವುದು ನಿಂತಿತು. ಕೈಪಂಪಿನ ನೀರಿಗೆ ಸೋಡಾಪುಡಿ ಹಾಕಿ ಬೇಯಿಸಿ, ಹೊಟ್ಟೆ ಉಬ್ಬರ ಬಂದಾಗಲೆಲ್ಲ ನಮ್ಮ ಮನೆಯ ಹೆಸರು ಹಿಡಿದು ಬೈಯುತ್ತಿದ್ದರು. ನಮ್ಮ ಡೈರಿ ಹಾಲಿಗೂ ವಾಸನೆಯಿದೆ ಅಂತ ಒಬ್ಬಳು ಎಬ್ಬಿಸಿದಳು. ಹಸುಗಳಿಗೆ ಆ ನೀರು ತೋರಿಸಿದರೆ ಮುಖ ತಿರುಗಿಸುತ್ತಿದ್ದವು, ಅವಕ್ಕಿದ್ದ ಬುದ್ಧಿ ಊರಿಗಿರಲಿಲ್ಲ.

ಅತ್ತೆ ಮಾತ್ರ ದಿನಾ ಬೆಳಗ್ಗೆ ಕಟ್ಟೆಗೆ ಹೋಗಿ ಕೂರುವುದನ್ನು ಬಿಡಲಿಲ್ಲ. ಯಾರೂ ಬರುತ್ತಿರಲಿಲ್ಲ. ಒಂದೆರಡು ಕೊಡ ಸೇದಿ ಚೆಲ್ಲುತ್ತಿದ್ದರು. ಸೇದಿದರೆ ಹೊಸ ನೀರು ಬರುತ್ತದೆ, ವಾಸನೆ ಹೋಗುತ್ತದೆ ಅನ್ನುವುದು ಅವರ ಹಠ. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಸ್ಟೌ ನೆನಪಾಗುತ್ತಿತ್ತು, ಬರುತ್ತಿರಲಿಲ್ಲ.

ಮುಂದಿನ ಬೇಸಿಗೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಬೋರೆಯ ಮಣ್ಣು ಕೆಟ್ಟಿರುವುದರಿಂದ ವಿಮಾನದ ಯೋಜನೆಯನ್ನು ಕೈಬಿಟ್ಟಿದ್ದಾರೆ ಅನ್ನುವುದು ಒಂದು. ನಮ್ಮ ಬಾವಿಯ ನೀರು ವಿಷ, ಬಾವಿಯನ್ನು ಮುಚ್ಚಿಸಬೇಕು ಅನ್ನುವುದು ಇನ್ನೊಂದು. ಮುಚ್ಚಿಸುವುದಕ್ಕೆ ವಿನಾಯಿತಿ ಇರಲಿಲ್ಲ. ತಮಟೆ ಬಡಿಸಿ ಸಾರಿದರು, ನೋಟೀಸು ಅಂಟಿಸಿದರು, ಡೈರಿಯ ಮುಂದೆ ಶಾಮಿಯಾನ ಹಾಕಿ ಊರನ್ನೆಲ್ಲ ಕೂರಿಸಿದರು. ಅದೇ ಅಧಿಕಾರಿ ಅದೇ ಕೈ ಮುಗಿದು, ಯಾರದಾದರೂ ಆಕ್ಷೇಪಣೆ ಇದ್ದರೆ ದಯವಿಟ್ಟು ತಿಳಿಸಿ ಅಂದ. ಅತ್ತೆ ಎದ್ದು ನಿಂತರು. ಹಿಂದಿನ ಸಾಲಿನಿಂದ ಹೆಂಗಸರು ಕೂತ್ಕೋ ಅಂತ ಸೆರಗು ಎಳೆದರು.

"ಕೊರ್ಯಾಗ ಕೇಳ್ಬೇಕಿತ್ತು ಕಣಪ್ಪ" ಅಂದರು ಅತ್ತೆ. ಅಷ್ಟೇ ಹೇಳಿ ಕೂತರು. ಆಕ್ಷೇಪಣೆ ಇಲ್ಲ ಅಂತ ಆಯಿತು. ಆ ಒಂದು ಮಾತಿಗೆ ನಾನು ಅವರ ಪಕ್ಕ ಹೋಗಿ ಕೂತೆ. ಅವರು ಸ್ವಲ್ಪ ಜರುಗಿ ಜಾಗ ಕೊಟ್ಟರು. ಇಷ್ಟು ವರ್ಷಕ್ಕೆ ನಾವಿಬ್ಬರೂ ಒಂದು ಕಡೆ ನಿಂತೆವು ಅಂತ ನನಗೆ ಆಗ ಅನ್ನಿಸಿತ್ತು.

ಮುಚ್ಚುವ ದಿನ ಟ್ರಾಕ್ಟರುಗಳಲ್ಲಿ ಮಣ್ಣು ಬಂದು ಬಾವಿಯ ಸುತ್ತ ರಾಶಿ ಬಿತ್ತು. ಊರೆಲ್ಲ ಸೇರಿತ್ತು. ನಮ್ಮ ಯಜಮಾನರು ಮೊದಲ ಬಸ್ಸಿಗೇ ಕೆ.ಆರ್. ಪೇಟೆಗೆ ಹೋಗಿದ್ದರು. ಆದರೆ ಮಣ್ಣು ತಂದ ಆಳುಗಳು ಗುದ್ದಲಿ ಮುಟ್ಟಲಿಲ್ಲ. ಬತ್ತಿದ ಬಾವಿಯಾದರೆ ಯಾರು ಬೇಕಾದರೂ ಮುಚ್ಚಬಹುದು. ಒಳಗೆ ನೀರು ಇರುವಾಗ ಮುಚ್ಚಿದರೆ ಅದು ಗಂಗೆಯನ್ನು ಕೊಂದ ಹಾಗೆ, ಮೊದಲ ಮಣ್ಣು ಹಾಕಿದವರ ವಂಶ ನಿಲ್ಲುವುದಿಲ್ಲ ಅನ್ನುವುದು ನಮ್ಮ ಕಡೆಯ ನಂಬಿಕೆ. ಮನೆಯವರು ಮೊದಲು ಹಾಕಲಿ, ಆಮೇಲೆ ನಾವು ಹಾಕುತ್ತೇವೆ ಅಂದರು. ದೊಡ್ಡಮನೆ ಅಜ್ಜ ನೆಲ ನೋಡಿದ. ಅಧಿಕಾರಿ ಜೀಪಿನಲ್ಲಿ ಕೂತು ಗಡಿಯಾರ ನೋಡಿದ.

ಅತ್ತೆ ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಹಚ್ಚಿ, ತೆಂಗಿನಕಾಯಿ ಒಡೆದರು. ಕಾಯಿಯ ನೀರನ್ನು ಬಾವಿಗೆ ಬಿಟ್ಟರು. ಇನ್ನು ಅವರೇ ಹಾಕುತ್ತಾರೆ ಅಂದುಕೊಂಡು, ಮಂಕರಿ ಬುಟ್ಟಿ ಭಾರವಾಗಬಾರದು ಅಂತ ನಾನೇ ಅರ್ಧಕ್ಕೆ ಮಣ್ಣು ತುಂಬಿ ತಂದು ಅವರ ಕಾಲ ಹತ್ತಿರ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

"ನೀನೇ ಆಕಮ್ಮಿ" ಅಂದರು.

"ನಾನ್ಯಾಕತ್ತೆ?"

"ನೀನು ವರಗ್ನೋಳು. ನೀನಾಕುದ್ರೆ ನಮ್ ಕುಲ್ಕೆ ದೋಸ ತಟ್ಟಾಕಿಲ್ಲ."

ಆ ಮನೆಗೆ ಎರಡು ಮಕ್ಕಳನ್ನು ಹೆತ್ತಿದ್ದೆ. ಎರಡು ಬಾಣಂತನದಲ್ಲೂ ಅದೇ ಕಟ್ಟೆಗೆ ಬಂದು ಗಂಗೆ ಪೂಜೆ ಮಾಡಿ ಮೊದಲ ನೀರು ಸೇದಿದ್ದೆ. ವೀಳ್ಯದೆಲೆ ಇಟ್ಟುಕೊಟ್ಟವರು ಇವರೇ. ಆ ಮಕ್ಕಳು ಟ್ರಾಕ್ಟರಿನ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದವು. ಅವು ಕುಲ, ನಾನು ಹೊರಗಿನವಳು. ಅಜ್ಜ ತಲೆಯೆತ್ತಿ, ಸರಿಯಾಗಿ ಹೇಳಿದಳು ಅಂದ. ಹಿಂದೆ ನಿಂತ ಹೆಂಗಸರಿಗೂ ಸಮಾಧಾನವಾಯಿತು. ಮುದುಕಿ ಏನಂದಳು ಅಂತ ಅಧಿಕಾರಿ ಡ್ರೈವರನ್ನು ಕೇಳಿ ತಿಳಿದುಕೊಂಡು, ಹೌದೌದು ಅನ್ನುವಂತೆ ತಲೆಯಾಡಿಸಿದ. ಅಂಥ ಮಾತು ಅವನಿಗೆ ಬೇಗ ಅರ್ಥವಾಗುತ್ತಿತ್ತು.

ನಾನು ಆ ಮಂಕರಿಯನ್ನು ಯಾರ ತಲೆಯ ಮೇಲಾದರೂ ಹಾಕಬಹುದಿತ್ತು. ಬಾವಿಗೆ ಹಾಕಿದೆ. ಅದಾದ ಮೇಲೆ ಯಾರಿಗೂ ಭಯವಿರಲಿಲ್ಲ. ಎರಡನೆಯ ಮಂಕರಿ ಹಾಕಿದವರು ನಮ್ಮತ್ತೆ.